ಮಣ್ಣು ಮುಟ್ಟಿ ಕಲಿವ ಮನೆಪಾಠ

ಬಂದವರಲ್ಲಿ ಹೆಚ್ಚಿನವರ ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ ಇತ್ತು. ಮೊದಲ ದಿನ ಅವರ ಕೈಗೆ ಕೊಟ್ಟಿದ್ದು ಒಂದೊಂದು ಖಾಲಿ ನೀರಿನ ಬಾಟಲಿ. ಕಡಿಮೆ ಸಿಮೆಂಟಿನ ಕಟ್ಟಡ ಕಟ್ಟುವುದನ್ನು ಕಲಿಸಲು ಬೆಂಗಳೂರಿನ ಹೊರವಲಯದಲ್ಲಿ ನಡೆದ ಆ ತರಬೇತಿಗೆ ಇಪ್ಪತ್ತೆರಡು ಜನ ಸೇರಿದ್ದರು. ಆರ್ಕಿಟೆಕ್ಚರ್ ಕೊನೆಯ ವರ್ಷದ ಹುಡುಗ ಹುಡುಗಿಯರು, ಸಿವಿಲ್ ಮುಗಿಸಿ ಸೈಟಿನಲ್ಲಿ ಒಂದೆರಡು ವರ್ಷ ಕೆಲಸ ಮಾಡಿದವರು, ಚಿಂತಾಮಣಿ ಕಡೆಯ ಇಬ್ಬರು ಮೇಸ್ತ್ರಿಗಳು, ಮುಂದಿನ ವರ್ಷ ಮನೆ ಕಟ್ಟಿಸಬೇಕೆಂದಿದ್ದ ಬ್ಯಾಂಕ್ ನೌಕರರೊಬ್ಬರು. ಪಾಯ ತೋಡಿ ರಾಶಿ ಹಾಕಿದ್ದ ಕೆಂಪುಮಣ್ಣನ್ನು ಬಾಟಲಿಯ ಮೂರನೇ ಒಂದು ಭಾಗಕ್ಕೆ ತುಂಬಿದರು. ನೀರು ಹೊಯ್ದು, ಚಿಟಿಕೆ ಉಪ್ಪು ಹಾಕಿ, ಬಿರಡೆ ಬಿಗಿದು, ಕೈ ಸೋಲುವವರೆಗೆ ಕುಲುಕಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು.

ಮರಳು ಒಂದೆರಡು ನಿಮಿಷದಲ್ಲೇ ತಳ ಸೇರಿತು. ಅದರ ಮೇಲೆ ನುಣ್ಣನೆಯ ಹೂಳಿನ ಪದರ ನಿಧಾನಕ್ಕೆ ಕೂತಿತು. ಜೇಡಿ ಮಾತ್ರ ನೀರಿನಲ್ಲೇ ತೇಲುತ್ತ ಉಳಿದು, ತಿಳಿಯಾಗಲು ರಾತ್ರಿಯಿಡೀ ಹಿಡಿಯಿತು. ಬೆಳಿಗ್ಗೆ ಸ್ಕೇಲು ಹಿಡಿದು ಪದರ ಅಳೆಯುವ ಮೊದಲೇ ಮೇಸ್ತ್ರಿಗಳಲ್ಲಿ ಹಿರಿಯರಾದವರು ರಾಶಿಯಿಂದ ಒಂದು ಚಿಟಿಕೆ ಮಣ್ಣು ತೆಗೆದು, ಅಂಗೈಯಲ್ಲಿ ನೀರು ಸೋಕಿಸಿ ಉಜ್ಜಿ ಹೇಳಿಬಿಟ್ಟರು: “ಜೇಡಿ ಜಾಸ್ತಿ ಐತೆ ಮೇಡಂ. ಹಂಗೇ ಇಟ್ಟಿಗೆ ಹೊಡೆದ್ರೆ ಒಣಗ್ದಂಗೆಲ್ಲ ಬಿರಿತೈತೆ. ಮರಳು ಬೀಳ್ಬೇಕು.” ಸ್ಕೇಲು ಹೇಳಿದ್ದೂ ಅದನ್ನೇ. ಹತ್ತು ಭಾಗದಲ್ಲಿ ಮೂರು ಭಾಗ ಜೇಡಿ. ಗೋಡೆಯ ಬ್ಲಾಕಿಗೆ ಬೇಕಾದ್ದು ಮೂರರಲ್ಲಿ ಎರಡು ಪಾಲು ಮರಳು, ನೂರಕ್ಕೆ ಹತ್ತು-ಹದಿನೈದರಷ್ಟು ಜೇಡಿ.

ಐದು ವರ್ಷ ಕಟ್ಟಡ ವಿನ್ಯಾಸ ಓದಿದ ಹುಡುಗಿಯೊಬ್ಬಳು ಆಗ ನನ್ನ ಪಕ್ಕದಲ್ಲೇ ನಿಂತಿದ್ದಳು. ಮಣ್ಣಿನೊಳಗೆ ಇಷ್ಟು ಬಗೆ ಇರುತ್ತದೆಂದು ಪುಸ್ತಕದಲ್ಲಿ ಓದಿದ್ದಳಂತೆ, ಕೈಯಲ್ಲಿ ಹಿಡಿದದ್ದು ಅವತ್ತೇ ಮೊದಲಂತೆ. ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಕಡಿಮೆ ಸಿಮೆಂಟು, ಕಡಿಮೆ ಕಬ್ಬಿಣ, ಕಡಿಮೆ ಕರೆಂಟು, ಕಡಿಮೆ ನೀರಿನಲ್ಲಿ ಬಾಳುವ ಕಟ್ಟಡ ಹೇಗೆ ಕಟ್ಟಬೇಕೆಂಬ ಅರಿವು ನಮ್ಮ ನಾಡಿನಲ್ಲಿ ಇಲ್ಲವೆಂದಲ್ಲ. ಐವತ್ತು ವರ್ಷಗಳಿಂದ ಬೆಂಗಳೂರಿನಲ್ಲೇ ಅದು ಬೆಳೆದಿದೆ. ಆದರೆ ಕಟ್ಟಡ ಕಟ್ಟುವವರನ್ನು ತಯಾರು ಮಾಡುವ ತರಗತಿಯ ಬಾಗಿಲಲ್ಲಿ ಅದು ಇನ್ನೂ ಚಪ್ಪಲಿ ಕಳಚಿ ಕಾಯುತ್ತ ನಿಂತಿದೆ.

ಹದ ಎಂಬ ವಿದ್ಯೆ

ಎರಡನೆಯ ದಿನ ಬ್ಲಾಕ್ ಒತ್ತುವ ಕೆಲಸ. ಮೇಲ್ಮಣ್ಣಿನಲ್ಲಿ ಬೇರು, ಗೊಬ್ಬರದ ಅಂಶ ಇರುವುದರಿಂದ ಅದನ್ನು ಕೈತೋಟಕ್ಕೆಂದು ಬೇರೆ ಹಾಕಿದರು. ಕೆಳಗಿನ ಮಣ್ಣನ್ನು ಜರಡಿ ಹಿಡಿದು, ಜೇಡಿಯ ಪಾಲು ಇಳಿಯುವಷ್ಟು ಕ್ವಾರಿ ಪುಡಿ ಬೆರೆಸಿ, ಒಣಗಿರುವಾಗಲೇ ತೂಕದಲ್ಲಿ ಶೇ 7ರಷ್ಟು ಸಿಮೆಂಟು ಸೇರಿಸಿ ಎರಡು ಸಲ ಮಗುಚಿದರು. ಆಮೇಲೆ ನೀರು ಚಿಮುಕಿಸಬೇಕು. ಎಷ್ಟು? ಲೀಟರ್ ಲೆಕ್ಕ ಹೇಳುವಂತಿಲ್ಲ, ಮಣ್ಣಿನಲ್ಲಿ ಮೊದಲೇ ಇರುವ ತೇವ ದಿನ ದಿನಕ್ಕೂ ಬೇರೆ. ಅದಕ್ಕೆ ಉಂಡೆ ಪರೀಕ್ಷೆ. ಹಿಡಿ ಮಣ್ಣನ್ನು ಒತ್ತಿ ಉಂಡೆ ಕಟ್ಟಿ ಸೊಂಟದೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಬೇಕು. ಪುಡಿಪುಡಿಯಾದರೆ ನೀರು ಸಾಲದು, ಒಡೆಯದೆ ಚಪ್ಪಟೆಯಾಗಿ ಕೂತರೆ ನೀರು ಹೆಚ್ಚು, ನಾಲ್ಕೈದು ಹೋಳಾದರೆ ಹದ.

ಎಂಜಿನಿಯರ್ ಹುಡುಗರು ನಾಲ್ಕು ಸಲ ಉಂಡೆ ಬಿಟ್ಟರೂ ಒಮ್ಮತಕ್ಕೆ ಬರಲಿಲ್ಲ. ನೀರು ಹೊತ್ತು ತರುತ್ತಿದ್ದ ಹೆಂಗಸು ಕೊಡ ಇಳಿಸಿ, ಒಂದೇ ಸಲ ಹಿಡಿದು ಬಿಟ್ಟು, “ಇನ್ನೊಂಚೂರು ಚಿಮುಕ್ಸಿ ಸಾಕು” ಅಂದಳು. ಹೇಗೆ ಗೊತ್ತಾಯಿತೆಂದು ಕೇಳಿದರೆ, “ದಿನಾ ರಾಗಿ ಮುದ್ದೆ ತಿರುವೋಳ್ಗೆ ಇಷ್ಟೂ ಗೊತ್ತಾಗಲ್ವಾ ಸಾರ್” ಎಂದು ಮತ್ತೆ ಕೊಡ ಎತ್ತಿಕೊಂಡಳು. ಅವಳ ಹೆಸರು ತರಬೇತಿಯ ಪಟ್ಟಿಯಲ್ಲಿ ಇರಲಿಲ್ಲ. ಇರಬೇಕಿತ್ತು.

ಹದವಾದ ಮಣ್ಣನ್ನು ತಕ್ಕಡಿಯಲ್ಲಿ ಎಂಟೂವರೆ ಕಿಲೋ ಚಿಲ್ಲರೆ ತೂಗಿ ಅಚ್ಚಿಗೆ ಸುರಿದು, ಮುಚ್ಚಳ ಹಾಕಿ, ಉದ್ದನೆಯ ಹಿಡಿಕೆಯನ್ನು ಇಬ್ಬರು ಜಗ್ಗಿದರೆ 230 ಮಿಲಿಮೀಟರ್ ಉದ್ದ, 190 ಅಗಲ, 100 ದಪ್ಪದ ಬ್ಲಾಕು ಮೇಲೆದ್ದು ಬರುತ್ತದೆ. ಒಬ್ಬ ಹುಡುಗ ತೂಗುವ ಗೊಡವೆ ಬೇಡವೆಂದು ಕಣ್ಣಳತೆಯಲ್ಲೇ ಅಚ್ಚು ತುಂಬಿದ. ಹಿಡಿಕೆ ಸಲೀಸಾಗಿ ಇಳಿಯಿತು, ಬ್ಲಾಕೂ ನೋಡಲು ಚೆಂದ ಬಂತು. ಹೆಬ್ಬೆರಳಿಂದ ಮೂಲೆ ಒತ್ತಿದರೆ ಉದುರಿತು. ಅಷ್ಟೇ ಅಳತೆಯ ಅಚ್ಚಿನಲ್ಲಿ ಮಣ್ಣು ಕಡಿಮೆ ಬಿದ್ದರೆ ಸಾಂದ್ರತೆ ಕಡಿಮೆ, ಸಾಂದ್ರತೆ ಕಡಿಮೆಯಾದರೆ ಬಲ ಕಡಿಮೆ. ಈ ಸಂಬಂಧವನ್ನು ಬೋರ್ಡಿನ ಮೇಲೆ ಗ್ರಾಫ್ ಎಳೆದು ಹೇಳಬಹುದು. ಆದರೆ ತಾನೇ ಒತ್ತಿದ ಬ್ಲಾಕಿನ ಮೂಲೆ ತನ್ನ ಬೆರಳಲ್ಲೇ ಪುಡಿಯಾದ ಹುಡುಗ ಮುಂದೆ ಯಾವ ಸೈಟಿನಲ್ಲೂ ತಕ್ಕಡಿ ಇಲ್ಲದೆ ಕೆಲಸ ಶುರು ಮಾಡಲು ಬಿಡುವವನಲ್ಲ. ಒತ್ತಿದ ಬ್ಲಾಕುಗಳನ್ನು ಪೇರಿಸಿ, ಹುಲ್ಲು, ಗೋಣಿಚೀಲ ಹೊದಿಸಿ ಮೂರರಿಂದ ನಾಲ್ಕು ವಾರ ನೀರುಣಿಸಬೇಕು. ಗೂಡಿಲ್ಲ, ಸೌದೆಯಿಲ್ಲ, ಬೆಂಕಿಯಿಲ್ಲ.

ಬೆಂಕಿಯಿಲ್ಲ ಎಂಬುದರ ಬೆಲೆ ಎಷ್ಟೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿದರು. ಒಂದು ಘನ ಮೀಟರ್ ಸುಟ್ಟ ಇಟ್ಟಿಗೆಯ ಗೋಡೆ ಎಬ್ಬಿಸಲು ಸುಮಾರು 2,141 ಮೆಗಾಜೂಲ್ ಶಕ್ತಿ ಖರ್ಚಾಗುತ್ತದೆ. ಶೇ 6ರಷ್ಟು ಸಿಮೆಂಟು ಬೆರೆಸಿದ ಮಣ್ಣಿನ ಬ್ಲಾಕಿನ ಅಷ್ಟೇ ಗೋಡೆಗೆ 646 ಮೆಗಾಜೂಲ್ ಸಾಕು. ಇಡೀ ಕಟ್ಟಡದ ಲೆಕ್ಕದಲ್ಲೂ ಹಾಗೆಯೇ. ಅವರು ತೂಗಿ ನೋಡಿದ ಎಂಟು ಅಂತಸ್ತಿನ ಆರ್‌ಸಿಸಿ ಚೌಕಟ್ಟಿನ ಕಟ್ಟಡಕ್ಕೆ ಪ್ರತಿ ಚದರ ಮೀಟರಿಗೆ 4.21 ಗಿಗಾಜೂಲ್ ತಗುಲಿದರೆ, ಗೋಡೆಯೇ ಭಾರ ಹೊರುವ ಎರಡು ಅಂತಸ್ತಿನ ಇಟ್ಟಿಗೆ ಮನೆಗೆ 2.92, ಮಣ್ಣಿನ ಬ್ಲಾಕಿನ ಎರಡು ಅಂತಸ್ತಿನ ಮನೆಗೆ 1.61. ಮನೆಯಲ್ಲಿ ಒಂದು ದೀಪ ಹಚ್ಚುವ ಮುಂಚೆಯೇ ಗೋಡೆ, ಸೂರುಗಳಲ್ಲಿ ಸೇರಿಹೋದ ಶಕ್ತಿ ಇದು. ಇಟ್ಟಿಗೆಗಾಗಿ ಅಗೆದ ಕೆರೆಯ ಗೋಡುಮಣ್ಣು, ಹೊಲದ ಮೇಲ್ಮಣ್ಣು ಈ ಲೆಕ್ಕದೊಳಗೆ ಬರುವುದೇ ಇಲ್ಲ.

ಅಸ್ತ್ರ ಒಲೆಯ ಮನೆಯವರು

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ‘ಅಸ್ತ್ರ ಒಲೆ’ ಎಂದರೆ ಐವತ್ತು ದಾಟಿದ ಹೆಣ್ಣುಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸಿ, ಸೌದೆ ಉಳಿಸಿದ ಒಲೆ ಅದು. ಆ ಹೆಸರಿನ ಹಿಂದಿದ್ದದ್ದು ಅಸ್ತ್ರ ಎಂಬ ಘಟಕ. ವಿಜ್ಞಾನ, ತಂತ್ರಜ್ಞಾನಗಳನ್ನು ಗ್ರಾಮಗಳ ಕೆಲಸಕ್ಕೆ ತರಬೇಕೆಂದು ಅಮೂಲ್ಯ ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ್ದು. ರೆಡ್ಡಿಯವರು ವಿದ್ಯುತ್ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಪ್ರಯೋಗಾಲಯ ಬಿಟ್ಟು ಕುಣಿಗಲ್ ತಾಲ್ಲೂಕಿನ ಉಂಗ್ರದ ದಾರಿ ಹಿಡಿದರು. ಅಲ್ಲಿ ವಿಸ್ತರಣಾ ಕೇಂದ್ರ ತೆರೆದು, ಹಳ್ಳಿಯ ಸೌದೆ, ನೀರು, ಬೆಳಕು, ಸೂರು ಎಲ್ಲವನ್ನೂ ಅಳೆದು ನೋಡಿದರು. ಸಿವಿಲ್ ವಿಭಾಗದ ಪ್ರೊ. ಜಗದೀಶ್ ಮತ್ತು ಸಂಗಡಿಗರು ಮಣ್ಣಿನ ಬ್ಲಾಕು, ಅದನ್ನು ಒತ್ತುವ ಕೈಯಂತ್ರ, ಕಡಿಮೆ ಖರ್ಚಿನ ಚಾವಣಿಗಳ ಮೇಲೆ ವರ್ಷಗಟ್ಟಲೆ ದುಡಿದರು. ಅಸ್ತ್ರ ಬೆಳೆದು ಇಂದು ಸಂಸ್ಥೆಯ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಗಿದೆ.

ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಕೊಡುಗೆ ಬ್ಲಾಕಿಗಿಂತಲೂ ಅವರು ಕಲಿಸಿದ ರೀತಿ. ಪ್ರಯೋಗಾಲಯದ ಯಂತ್ರದಲ್ಲಿ ಬ್ಲಾಕನ್ನು ಒಡೆದು ನೋಡುವ ಸಂಶೋಧಕನೂ ಹಳ್ಳಿಯಲ್ಲಿ ಹಿಡಿಕೆ ಜಗ್ಗುವ ಕೂಲಿಯೂ ಒಂದೇ ಕೆಲಸದ ಎರಡು ಕೈಗಳು ಎಂದು ಅವರು ತಿಳಿದಿದ್ದರು. ಇವತ್ತು ಮಣ್ಣಿನ ಕಟ್ಟಡದ ಬಗ್ಗೆ ‘ಇದಕ್ಕೆ ಕೋಡ್ ಎಲ್ಲಿದೆ’ ಎಂದು ಕೇಳುವ ಎಂಜಿನಿಯರುಗಳು ಇದ್ದಾರೆ. ಭಾರತೀಯ ಮಾನಕ ಸಂಸ್ಥೆಯ ಐಎಸ್ 1725 ಈ ಬ್ಲಾಕುಗಳಿಗೆಂದೇ ಇದೆ, 2013ರಲ್ಲಿ ಪರಿಷ್ಕರಣೆಯೂ ಆಗಿದೆ. ಕೋಡ್ ಇದೆ, ಅದನ್ನು ಕಲಿಸಿದ ಮೇಷ್ಟ್ರು ಸಿಕ್ಕಿಲ್ಲ.

ಕಲಿತು ಹೊರಬಂದವರು ಏನು ಮಾಡಬಲ್ಲರು ಎಂಬುದಕ್ಕೂ ಸಾಕ್ಷಿ ದೂರ ಹುಡುಕಬೇಕಿಲ್ಲ. ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಮತ್ತು ಅವರ ಬಯೋಮ್ ಸಂಸ್ಥೆ ಬೆಂಗಳೂರಿನಲ್ಲಿ ನೆಲಮಾಳಿಗೆಗೆಂದು ಅಗೆದ ಮಣ್ಣಿನಿಂದಲೇ ಅದೇ ಮನೆಯ ಬ್ಲಾಕುಗಳನ್ನು ಒತ್ತಿಸಿ ಕಟ್ಟುತ್ತ ಬಂದಿದ್ದಾರೆ. 30×40 ಸೈಟನ್ನು ಪೂರ್ತಿ ಒಂದಡಿ ಅಗೆದರೆ 1,200 ಘನ ಅಡಿ ಮಣ್ಣು. ಸಾಮಾನ್ಯವಾಗಿ ಅದನ್ನು ದುಡ್ಡು ಕೊಟ್ಟು ಲಾರಿಯಲ್ಲಿ ಸಾಗಿಸಿ, ಇನ್ನೊಂದು ಲಾರಿಯಲ್ಲಿ ಇಟ್ಟಿಗೆ ತರಿಸುತ್ತೇವೆ. ಎರಡು ಲಾರಿಯ ಬಾಡಿಗೆಯನ್ನೂ ಮನೆಯವರೇ ತೆರುತ್ತಾರೆ.

ಎಲ್ಲ ಕಡೆಗೂ ಮಣ್ಣೇ ಮದ್ದೆಂದು ನಾನು ಹೇಳುತ್ತಿಲ್ಲ. ಧಾರವಾಡದಿಂದಾಚೆಯ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದಕ್ಕೆ ಸುಣ್ಣ ಬೇಕು, ಬೇರೆಯದೇ ಲೆಕ್ಕ ಬೇಕು. ಮಲೆನಾಡಿನ ಮಳೆಗೆ ಕಲ್ಲಿನ ಎತ್ತರದ ಪಾಯ, ಗೋಡೆ ದಾಟಿ ಚಾಚಿದ ಸೂರು ಇಲ್ಲದೆ ಮಣ್ಣಿನ ಗೋಡೆ ನಿಲ್ಲದು. ಕರಾವಳಿಯಲ್ಲಿ ಮುರಕಲ್ಲು ನೆಲದಡಿಯೇ ಸಿಗುವಾಗ ಮಣ್ಣು ಒತ್ತುತ್ತ ಕೂರುವುದು ಅರ್ಥವಿಲ್ಲದ ಕೆಲಸ. ತರಬೇತಿ ಕೊಡಬೇಕಾದ್ದು ಈ ವಿವೇಕವನ್ನು.

ಪಶ್ಚಿಮದ ಕಿಟಕಿ

ನಮ್ಮ ಮನೆಯ ಮಹಡಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಕೋಣೆಯೊಂದಿದೆ. ನಕ್ಷೆ ಮಾಡಿಕೊಟ್ಟವರು ದೊಡ್ಡ ಕಿಟಕಿ ಇಟ್ಟರು, ಮೇಲೆ ಒಂದೂವರೆ ಅಡಿ ಸಜ್ಜ. ವಾಸ್ತು ಕೇಳಿದರು, ಬಜೆಟ್ ಕೇಳಿದರು, ಟೈಲ್ಸ್ ಬಣ್ಣ ಕೇಳಿದರು. ಬಿಸಿಲು ಯಾವ ಕಡೆಯಿಂದ ಬರುತ್ತದೆಂದು ಅವರೂ ಕೇಳಲಿಲ್ಲ, ನಮಗೂ ಹೇಳಬೇಕೆಂದು ಹೊಳೆಯಲಿಲ್ಲ. ಮಾರ್ಚ್ ಬಂತೆಂದರೆ ಮಧ್ಯಾಹ್ನ ಎರಡರ ಮೇಲೆ ಆ ಕೋಣೆಯಲ್ಲಿ ಕೂರಲಾಗುತ್ತಿರಲಿಲ್ಲ. ಅಮ್ಮ ಅಲ್ಲಿ ಮಲಗುವುದನ್ನೇ ಬಿಟ್ಟರು.

ಆ ತರಬೇತಿಯಲ್ಲಿ ಸೂರ್ಯನ ಪಾಠ ನಡೆದದ್ದು ತಾರಸಿಯ ಮೇಲೆ, ಒಂದು ಕೋಲು ಮತ್ತು ಸೀಮೆಸುಣ್ಣ ಇಟ್ಟುಕೊಂಡು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ, ನೆಟ್ಟ ಕೋಲಿಗೆ ನೆರಳಿರುವುದಿಲ್ಲ. ಆ ಎರಡು ದಿನಗಳ ನಡುವೆ ಅವನು ಉತ್ತರಕ್ಕೆ ವಾಲಿರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬೀಳದು ಎಂದು ನಂಬಿದ ವಿದ್ಯಾರ್ಥಿಗಳಿಗೆ ಇದೇ ಮೊದಲ ಅಚ್ಚರಿ. ಆ ನಂಬಿಕೆ ದೆಹಲಿಗೆ ಹೆಚ್ಚುಕಡಿಮೆ ಸರಿ, ನಮಗಲ್ಲ.

ಆಮೇಲೆ ಲೆಕ್ಕ. ದಕ್ಷಿಣದ ನಾಲ್ಕಡಿ ಎತ್ತರದ ಕಿಟಕಿಯನ್ನು ಮಾರ್ಚ್ 21ರ ನಡುಹಗಲಲ್ಲಿ ಪೂರ್ತಿ ನೆರಳಲ್ಲಿಡಲು ಹನ್ನೊಂದು ಅಂಗುಲದ ಸಜ್ಜ ಸಾಕು. ಅದೇ ಕಿಟಕಿಯನ್ನು ಪಶ್ಚಿಮಕ್ಕೆ ತಿರುಗಿಸಿ, ಸೂರ್ಯ ನೆತ್ತಿ ದಾಟಿ ನಾಲ್ಕು ಗಂಟೆ ಕಳೆದ ಹೊತ್ತಿಗೆ ನೋಡಿದರೆ ಬೇಕಾದ ಸಜ್ಜ ಏಳು ಅಡಿ. ಏಳಡಿ ಸಜ್ಜ ಯಾರೂ ಹಾಕಿಸುವುದಿಲ್ಲ. ಹಾಗಾಗಿ ಪಶ್ಚಿಮದ ಬಿಸಿಲನ್ನು ಸಜ್ಜದಿಂದ ತಡೆಯುವ ಯೋಚನೆಯನ್ನೇ ಬಿಡಬೇಕು. ಕಿಟಕಿ ಚಿಕ್ಕದಿಡಬೇಕು, ಹೊರಗಡೆ ಜಾಲಿಯನ್ನೋ ಬಿದಿರ ತಟ್ಟಿಯನ್ನೋ ಕಟ್ಟಬೇಕು, ಇಲ್ಲವೆ ಮರ ನೆಡಬೇಕು. ಗಾಜಿನ ಒಳಗೆ ಪರದೆ ಹಾಕಿದರೆ ಬಿಸಿಲು ಆಗಲೇ ಒಳಗೆ ಬಂದುಬಿಟ್ಟಿರುತ್ತದೆ. ಊರಿಗೆ ಮರಳಿದ ವಾರವೇ ನಾನು ಕಿಟಕಿಯ ಹೊರಗೆ ತಟ್ಟಿ ಕಟ್ಟಿಸಿ, ಕಾಂಪೌಂಡಿನ ಮೂಲೆಯಲ್ಲಿ ಹೊಂಗೆ ನೆಟ್ಟೆ. ಹೊಂಗೆ ಯುಗಾದಿಯ ಸುಮಾರಿಗೆ ಹೊಸ ಚಿಗುರು ತಳೆದು, ಬಿಸಿಲು ಬಲಿಯುವಷ್ಟರಲ್ಲಿ ದಟ್ಟ ನೆರಳು ಕೊಡುವ ಮರ. ಹತ್ತು ನಿಮಿಷದ ಲೆಕ್ಕವೊಂದನ್ನು ನಕ್ಷೆ ಮಾಡಿದವರಿಗೆ ಯಾರಾದರೂ ಕಲಿಸಿದ್ದರೆ ಅಮ್ಮನ ಅಷ್ಟು ಬೇಸಿಗೆಗಳು ಹಾಗೆ ಕಳೆಯುತ್ತಿರಲಿಲ್ಲ.

ಸೂರ್ಯನ ಲೆಕ್ಕ ಬಂದರಷ್ಟೇ ಸಾಲದು. ಬೆಂಗಳೂರು, ಮಂಗಳೂರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಊರುಗಳು, ಆದರೆ ಹವೆ ಬೇರೆ. ಬೆವರು ಆರದ ಕರಾವಳಿಯಲ್ಲಿ ಗಾಳಿಯಾಡಬೇಕು. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ವಸತಿ ಕಟ್ಟಡಗಳಿಗೆಂದು ಹೊರತಂದ ‘ಇಕೊ ನಿವಾಸ್ ಸಂಹಿತಾ’ ಇದನ್ನು ಅಂಕಿಯಲ್ಲೇ ಹೇಳುತ್ತದೆ. ಬೆಂಗಳೂರಿನಂಥ ಹಿತಕರ ಹವೆಯಲ್ಲಿ ತೆರೆಯಬಲ್ಲ ಕಿಟಕಿ-ಬಾಗಿಲು ನೆಲದ ವಿಸ್ತೀರ್ಣದ ಕನಿಷ್ಠ ಶೇ 12.5, ಕರಾವಳಿಯಂಥ ಸೆಕೆ-ತೇವದ ಹವೆಯಲ್ಲಿ ಶೇ 16.66. ಕಲಬುರಗಿ, ರಾಯಚೂರುಗಳ ಒಣ ಬಿಸಿಲಿಗೆ ದಪ್ಪ ಗೋಡೆಯ ಮಾಳಿಗೆ ಮನೆ, ಸಣ್ಣ ಕಿಟಕಿ, ಮೇಲೆ ಬೆಳಕಿಂಡಿ ಎಂದು ಅಲ್ಲಿನ ಹಿರಿಯರು ಕಂಡುಕೊಂಡಿದ್ದರು. ಮೂರೂ ಕಡೆ ಇವತ್ತು ಏಳುತ್ತಿರುವುದು ಒಂದೇ ನಕ್ಷೆಯ ಮನೆ, ಒಂದೇ ಅಳತೆಯ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ. ಆ ಕಿಟಕಿ ಯಾವಾಗಲೂ ಅರ್ಧವೇ ತೆರೆಯುವುದು.

ಸೈಟಿನ ದೋಷವನ್ನೇ ವಿನ್ಯಾಸದ ಆಧಾರ ಮಾಡಿಕೊಂಡ ಕಟ್ಟಡವೊಂದು ದೊಮ್ಮಲೂರಿನಲ್ಲಿದೆ. ಇಂಧನ ಸಂಶೋಧನೆಯ ಟೆರಿ ಸಂಸ್ಥೆಯ ಆ ಕಚೇರಿಯನ್ನು ವಿನ್ಯಾಸ ಮಾಡಿದ್ದು ವಾಸ್ತುಶಿಲ್ಪಿ ಸಂಜಯ್ ಮೋಹೆ. ಜಾಗದ ದಕ್ಷಿಣಕ್ಕೆ ನಾರುವ ಕಾಲುವೆ, ಗಾಳಿ ಬೀಸುವುದೂ ಆ ಕಡೆಯಿಂದ. ಕಿಟಕಿ ಇಟ್ಟರೆ ವಾಸನೆ ಒಳಗೆ, ಮುಚ್ಚಿ ಏಸಿ ಹಾಕಿದರೆ ಕರೆಂಟು. ಮೋಹೆಯವರು ಕಟ್ಟಡದ ಬೆನ್ನನ್ನೇ ಕಾಲುವೆಗೆ ತಿರುಗಿಸಿದರು. ದಕ್ಷಿಣಕ್ಕೆ ಕಡಪ ಕಲ್ಲು ಹೊದಿಸಿದ ಜೋಡಿ ಗೋಡೆ ಎಬ್ಬಿಸಿದರು. ಬಿಸಿಲಿಗೆ ಕಾದ ಗೋಡೆಗಳ ನಡುವಿನ ಗಾಳಿ ಮೇಲೇರಿ ಹೊರಹೋಗುತ್ತದೆ, ಅದು ಬಿಟ್ಟ ಜಾಗ ತುಂಬಲು ಉತ್ತರದ ತೆರೆದ ಅಂಗಳದಿಂದ ತಂಪು ಗಾಳಿ ಕಟ್ಟಡದ ಒಳಗಿನಿಂದ ಹಾದು ಬರುತ್ತದೆ. ಒಲೆಯ ಚಿಮಣಿ ಕೆಲಸ ಮಾಡುವುದೂ ಹೀಗೆಯೇ. ಬೆಂಗಳೂರಿನ ಯಾವ ಆರ್ಕಿಟೆಕ್ಚರ್ ವಿದ್ಯಾರ್ಥಿಯೂ ಒಂದು ದಿನದ ಬಸ್ ಚಾರ್ಜಿನಲ್ಲಿ ಅದನ್ನು ಹೊರಗಿನಿಂದಾದರೂ ನೋಡಿ ಬರಬಹುದು. ಹೊರರಾಜ್ಯದ ಗಾಜಿನ ಗೋಪುರಗಳಿಗೆ ಶೈಕ್ಷಣಿಕ ಪ್ರವಾಸ ಏರ್ಪಡಿಸುವ ಕಾಲೇಜುಗಳು ಇತ್ತ ಗಮನಿಸಲಿ.

ಕೆಲಸ ಮಾಡದ ಕಾಂಕ್ರೀಟು

ಮೂರನೆಯ ದಿನ ಸೆಂಟ್ರಿಂಗ್ ಹಲಗೆಯ ಮೇಲೆ ಮಂಗಳೂರು ಹೆಂಚು ಜೋಡಿಸಿದ್ದರು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಾಗಿನಿಂದ ನಮ್ಮ ಸೂರು ಕಾದ ಹೆಂಚು ಈಗ ಕಾಂಕ್ರೀಟು ಚಾವಣಿಯ ಹೊಟ್ಟೆಯೊಳಗೆ. ಫಿಲ್ಲರ್ ಸ್ಲ್ಯಾಬ್ ಎಂಬ ಈ ಪದ್ಧತಿಯನ್ನು ಕೇರಳದಲ್ಲಿ ಮನೆಮಾತು ಮಾಡಿದವರು ವಾಸ್ತುಶಿಲ್ಪಿ ಲಾರಿ ಬೇಕರ್. ಇಂಗ್ಲೆಂಡಿನಲ್ಲಿ ಹುಟ್ಟಿ, ತಿರುವನಂತಪುರದಲ್ಲಿ ನೆಲೆಸಿ, 2007ರಲ್ಲಿ ತೀರಿಕೊಂಡ ಬೇಕರ್, ಬಳಸಿ ಬಿಟ್ಟ ಕಾಗದದ ಹಿಂಬದಿಯಲ್ಲಿ ಚಿತ್ರ ಬರೆದು, ಸೈಟಿನಲ್ಲೇ ನಿಂತು ಮೇಸ್ತ್ರಿಗಳೊಂದಿಗೆ ಕೆಲಸ ಮಾಡಿದವರು.

ಚಾವಣಿಯ ಮೇಲೆ ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ಕಾಂಕ್ರೀಟು ಒತ್ತಡ ತಾಳುವುದರಲ್ಲಿ ಗಟ್ಟಿಗ, ಎಳೆತಕ್ಕೆ ಸೋಲುತ್ತದೆ. ಕೆಳಗಿನ ಎಳೆತವನ್ನು ಹೊರುವುದು ಕಬ್ಬಿಣದ ಕಂಬಿ. ಮೇಸ್ತ್ರಿ ಅದನ್ನು ಒಂದೇ ಮಾತಿನಲ್ಲಿ ಹೇಳಿದರು: “ಕೆಳಗಡೆ ಕಾಂಕ್ರೀಟು ಕಂಬಿ ಹಿಡ್ಕೊಂಡಿರೋಕೆ ಅಷ್ಟೇಯಾ.” ಹಾಗಿದ್ದರೆ ಕಂಬಿಗಳ ನಡುವಿನ ಚೌಕದಲ್ಲಿ, ಕೆಲಸ ಮಾಡದ ಆ ಕಾಂಕ್ರೀಟಿನ ಬದಲು ಎರಡು ಹೆಂಚು ಇಟ್ಟರೆ? ಸಿಮೆಂಟು ಉಳಿಯುತ್ತದೆ, ಚಾವಣಿ ಹಗುರಾಗುತ್ತದೆ, ಹಗುರಾದ ಚಾವಣಿಗೆ ಕಬ್ಬಿಣವೂ ಕಡಿಮೆ ಸಾಕು. ಹೆಂಚುಗಳ ನಡುವೆ ಸಿಕ್ಕಿಬಿದ್ದ ಗಾಳಿ ಬಿಸಿಲ ಕಾವನ್ನು ತಡೆಯುತ್ತದೆ. ಜಗತ್ತು ಉಗುಳುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇ 7ರಿಂದ 8ರಷ್ಟು ಪಾಲು ಸಿಮೆಂಟು ತಯಾರಿಕೆಯದು ಎಂಬುದನ್ನು ನೆನೆದರೆ, ಒಂದು ಚಾವಣಿಯಲ್ಲಿ ಉಳಿದ ನಾಲ್ಕಾರು ಮೂಟೆಯೂ ಸಣ್ಣದಲ್ಲ.

ಇದರಲ್ಲಿರುವ ಎಂಜಿನಿಯರಿಂಗ್ ತತ್ವವನ್ನು ಪ್ರತಿಯೊಬ್ಬ ಸಿವಿಲ್ ವಿದ್ಯಾರ್ಥಿಯೂ ಓದಿ ಪರೀಕ್ಷೆ ಬರೆದು ಪಾಸಾಗಿರುತ್ತಾನೆ. ಆ ತತ್ವ ಹೆಂಚಾಗಿ, ಉಳಿತಾಯವಾಗಿ ಕಣ್ಣಿಗೆ ಬೀಳುವುದೇ ಇಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಿವಿಲ್ ಪಠ್ಯಕ್ರಮಗಳಲ್ಲಿ ‘ಪರ್ಯಾಯ ಕಟ್ಟಡ ಸಾಮಗ್ರಿಗಳು’ ಐಚ್ಛಿಕ ವಿಷಯವಾಗಿ ಬಂದಿದೆ. ಬೇಕಾದವರು ತೆಗೆದುಕೊಳ್ಳಬಹುದು. ಆರ್‌ಸಿಸಿ ವಿನ್ಯಾಸ ಮಾತ್ರ ಕಡ್ಡಾಯ. ‘ಪರ್ಯಾಯ’ ಎಂಬ ಹೆಸರಿನ ಬಗ್ಗೆಯೇ ನನಗೆ ತಕರಾರಿದೆ. ಸಾವಿರಾರು ವರ್ಷ ಜನ ಬಾಳಿದ ಮಣ್ಣು, ಕಲ್ಲು, ಸುಣ್ಣ ಪರ್ಯಾಯವಾಗಿ, ನೂರು ವರ್ಷದ ಈಚಿನ ಸಿಮೆಂಟು ಮೂಲವಾಗಿಬಿಟ್ಟಿದೆ.

ಯಾರಿಗೆ ಕಲಿಸಬೇಕು?

ಒಳ್ಳೆಯ ಪ್ರಯತ್ನಗಳು ಇಲ್ಲದಿಲ್ಲ. 1989ರಲ್ಲಿ ಶುರುವಾದ ಆರೋವಿಲ್ಲಿನ ಅರ್ತ್ ಇನ್‌ಸ್ಟಿಟ್ಯೂಟ್ ಮಣ್ಣಿನ ಕಮಾನು, ಗುಮ್ಮಟಗಳನ್ನು ಕೈಯಿಂದಲೇ ಕಟ್ಟಿಸಿ ಕಲಿಸುತ್ತದೆ. ಬೆಂಗಳೂರಿನ ಭಾರತೀಯ ಮಾನವ ವಸತಿ ಸಂಸ್ಥೆಯೂ ಸೇರಿ ನಡೆಸುವ ‘ಸೋಲಾರ್ ಡೆಕಾಥ್ಲಾನ್ ಇಂಡಿಯಾ’ ಸ್ಪರ್ಧೆ 2020-21ರಿಂದ ಬೇರೆ ಬೇರೆ ಶಾಖೆಯ ವಿದ್ಯಾರ್ಥಿಗಳನ್ನು ಒಂದೇ ತಂಡದಲ್ಲಿ ಕೂರಿಸಿದೆ. ಆರ್ಕಿಟೆಕ್ಚರ್ ಹುಡುಗಿ, ಮೆಕ್ಯಾನಿಕಲ್ ಹುಡುಗ, ಸಿವಿಲ್ ಗೆಳೆಯ ಸೇರಿ, ನಿಜವಾಗಿ ಕಟ್ಟಲಿರುವ ಒಂದು ಕಟ್ಟಡವನ್ನೇ ಆಯ್ದುಕೊಂಡು, ಅದು ಬಳಸುವಷ್ಟು ವಿದ್ಯುತ್ತನ್ನು ಅಲ್ಲೇ ಉತ್ಪಾದಿಸುವ, ನೀರನ್ನು ಮತ್ತೆ ಮತ್ತೆ ಬಳಸುವ ವಿನ್ಯಾಸ ಮಾಡಬೇಕು. ಕಟ್ಟಡ ಕಾರ್ಮಿಕರು ಸೈಟಿನಲ್ಲಿ ಇರುವ ತಾತ್ಕಾಲಿಕ ವಸತಿಯೂ ಅಲ್ಲಿ ಒಂದು ವಿಭಾಗವಾಗಿ ಬಂದದ್ದು ನನಗೆ ಬಹಳ ಹಿಡಿಸಿದ ಸಂಗತಿ. ತಗಡಿನ ಶೆಡ್ಡಿನಲ್ಲಿ ಬೇಯುವವರ ಬಗ್ಗೆ ಇಪ್ಪತ್ತರ ಹರೆಯದಲ್ಲೇ ಯೋಚಿಸಿದವರು ಮುಂದೆ ಬೇರೆ ಬಗೆಯ ಎಂಜಿನಿಯರುಗಳಾಗುತ್ತಾರೆ.

ನೀರಿನ ಪಾಠಕ್ಕೆ ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸಂಗ್ರಹ ಥೀಮ್ ಪಾರ್ಕ್ ಇದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ. ಸಾವಿರ ಚದರಡಿ ತಾರಸಿಯ ಮೇಲೆ ಬೀಳುವ ನೀರು ಸುಮಾರು 90 ಸಾವಿರ ಲೀಟರ್. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ಕು ಜನರ ಮನೆಗೆ ವರ್ಷಕ್ಕೆ ಬೇಕಾಗುವುದು ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ. ಹೆಚ್ಚುಕಡಿಮೆ ಅರ್ಧದಷ್ಟು ನೀರು ನಮ್ಮ ತಲೆಯ ಮೇಲೆಯೇ ಬಿದ್ದು ಚರಂಡಿ ಸೇರುತ್ತಿದೆ.

ಆದರೆ ಈ ಎಲ್ಲ ಪ್ರಯತ್ನ ಮುಟ್ಟುತ್ತಿರುವುದು ಕಾಲೇಜಿನ ಕೆಲವರನ್ನು. ನಮ್ಮ ಬಹುಪಾಲು ಮನೆಗಳನ್ನು ನಿರ್ಧರಿಸುವವರು ಬೇರೆ. ತಾಲ್ಲೂಕು ಕೇಂದ್ರದ ಅಂಗಡಿ ಸಾಲಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಒಂದೇ ದಿನದಲ್ಲಿ ನಕ್ಷೆ ಮಾಡಿಕೊಡುವವರು, ‘ಚದರಡಿಗೆ ಇಷ್ಟು’ ಎಂದು ಮಾತಾಡಿ ಕೆಲಸ ಹಿಡಿಯುವ ಕಂಟ್ರಾಕ್ಟರು, ಗೋಡೆ ಎಬ್ಬಿಸುವ ಮೇಸ್ತ್ರಿ, ನಕ್ಷೆಗೆ ಮಂಜೂರಾತಿ ಕೊಡುವ ಪುರಸಭೆ ಎಂಜಿನಿಯರು. ಇವರಿಗೆ ಕೆಲಸದ ನಡುವೆ ಒಂದು ವಾರದ ತರಬೇತಿಯೂ ಸಿಗುವುದಿಲ್ಲ. ಸಂಭಾವನೆಯ ರೀತಿಯೂ ಉಳಿತಾಯಕ್ಕೆ ಅಡ್ಡ. ಒಟ್ಟು ಖರ್ಚಿನ ಮೇಲೆ ಶೇಕಡಾವಾರು ಫೀಸು ಪಡೆಯುವ ಎಂಜಿನಿಯರು ತಲೆ ಖರ್ಚು ಮಾಡಿ ಮನೆಯ ಖರ್ಚು ಇಳಿಸಿದರೆ ಅವರ ಫೀಸೇ ಇಳಿಯುತ್ತದೆ.

ಈ ಕೊರತೆ ತುಂಬಲೆಂದೇ ನಿರ್ಮಿತಿ ಕೇಂದ್ರಗಳು ಹುಟ್ಟಿದ್ದವು. 1980ರ ದಶಕದ ಮಧ್ಯದಲ್ಲಿ ಕೇರಳದ ಕೊಲ್ಲಂನಲ್ಲಿ ನೆರೆಯ ನಂತರ ಶುರುವಾದ ಕಲ್ಪನೆ ದೇಶಕ್ಕೆಲ್ಲ ಹಬ್ಬಿ, ನಮ್ಮ ಜಿಲ್ಲೆಗಳಿಗೂ ಬಂತು. ಅಗ್ಗದ, ಗಟ್ಟಿಯಾದ ಕಟ್ಟಡ ತಂತ್ರಗಳನ್ನು ಗಾರೆಯವರಿಗೆ ಕಲಿಸುವುದು, ಸಾಮಗ್ರಿಯನ್ನು ಅಲ್ಲೇ ತಯಾರಿಸಿ ಕೊಡುವುದು ಮೂಲ ಉದ್ದೇಶ. ಕಾಲ ಕಳೆದಂತೆ ಹಲವೆಡೆ ಸರ್ಕಾರಿ ಕಾಮಗಾರಿಗಳನ್ನು ನಡೆಸಿಕೊಡುವುದೇ ಮುಖ್ಯ ಕೆಲಸವಾಗಿ, ತರಬೇತಿ ಹಿಂದೆ ಬಿತ್ತು. ಕಟ್ಟಡ, ಅಂಗಳ, ಸಿಬ್ಬಂದಿ ಈಗಲೂ ಪ್ರತಿ ಜಿಲ್ಲೆಯಲ್ಲಿವೆ. ಹೊಸದಾಗಿ ಏನನ್ನೂ ಸ್ಥಾಪಿಸಬೇಕಿಲ್ಲ. ವರ್ಷಕ್ಕೆ ನಾಲ್ಕು ಸಲ, ಪ್ರತಿ ಜಿಲ್ಲೆಯಲ್ಲಿ, ಮೇಸ್ತ್ರಿ, ಎಂಜಿನಿಯರು, ವಿದ್ಯಾರ್ಥಿ ಮೂವರನ್ನೂ ಒಟ್ಟಿಗೆ ಕೂರಿಸಿ ಒಂದು ವಾರದ ಶಿಬಿರ ನಡೆಸಿದರೆ ಸಾಕು. ಬಂದ ಮೇಸ್ತ್ರಿಗೆ ಆ ವಾರದ ಕೂಲಿ ಕೊಡಬೇಕು. ಕೂಲಿ ಕಳೆದುಕೊಂಡು ಪಾಠ ಕೇಳುವ ಶಕ್ತಿ ಅವರಿಗಿಲ್ಲ.

ವಿಶ್ವವಿದ್ಯಾಲಯಗಳಿಗೆ ನನ್ನ ಕೋರಿಕೆಯೂ ಚಿಕ್ಕದೇ. ಸಿವಿಲ್ ಮತ್ತು ಆರ್ಕಿಟೆಕ್ಚರ್ ಪದವಿ ಪಡೆಯುವ ಮೊದಲು ಪ್ರತಿ ವಿದ್ಯಾರ್ಥಿಯೂ ಒಂದು ಗೋಡೆಯನ್ನು ಸ್ವಂತ ಕೈಯಿಂದ, ಪಾಯದಿಂದ ಲಿಂಟಲ್‌ವರೆಗೆ, ಒಬ್ಬ ಮೇಸ್ತ್ರಿಯ ಕೈಕೆಳಗೆ ಕಟ್ಟಿರಬೇಕು. ಅದಕ್ಕೆ ಅಂಕ ಹಾಕುವವರಲ್ಲಿ ಆ ಮೇಸ್ತ್ರಿಯೂ ಇರಬೇಕು. ಕಂಪ್ಯೂಟರಿನಲ್ಲಿ ಬಿಸಿಲು, ಗಾಳಿ, ವಿದ್ಯುತ್ ಬಳಕೆಗಳ ಲೆಕ್ಕ ಮಾಡುವ ತಂತ್ರಾಂಶಗಳು ಬೇಕೇ ಬೇಕು, ದೊಡ್ಡ ಕಟ್ಟಡಗಳಿಗೆ ಅವಿಲ್ಲದೆ ಆಗದು. ಆದರೆ ತಂತ್ರಾಂಶಕ್ಕೆ ಗೋಡೆಯ ದಪ್ಪ, ಕಿಟಕಿಯ ದಿಕ್ಕು ಹೇಳುವವರು ಮನುಷ್ಯರೇ. ತಪ್ಪು ದಿಕ್ಕು ಹೇಳಿದರೆ ಅದು ಆ ತಪ್ಪನ್ನೇ ಅಚ್ಚುಕಟ್ಟಾಗಿ ಲೆಕ್ಕ ಹಾಕಿ ಕೊಡುತ್ತದೆ.

ಶಿಬಿರದ ಕೊನೆಯ ದಿನ ಎದೆಮಟ್ಟದ ಗೋಡೆಯೊಂದು ಎದ್ದಿತ್ತು. ತೂಗುಗುಂಡು ಬಿಟ್ಟು ನೋಡಿದ ಹಿರಿಯ ಮೇಸ್ತ್ರಿ ಮೇಲಿನ ಎರಡು ವರಸೆ ಬಿಚ್ಚಿಸಿದರು, ಮತ್ತೆ ಕಟ್ಟಿಸಿದರು. ಯಾರೂ ಎದುರಾಡಲಿಲ್ಲ. ಆ ಬ್ಯಾಂಕ್ ನೌಕರರು ಈಗ ಮನೆ ಮುಗಿಸಿದ್ದಾರೆ. ಅವರ ಗೋಡೆಗಳಲ್ಲಿ ಮುಕ್ಕಾಲು ಪಾಲು ಅವರದೇ ಸೈಟಿನ ಮಣ್ಣು.

ಈ ವರ್ಷ ಮನೆ ಶುರು ಮಾಡುವ ಯೋಚನೆ ನಿಮಗಿದ್ದರೆ, ಪಾಯ ತೋಡಿದ ಮಣ್ಣನ್ನು ಲಾರಿಗೆ ತುಂಬಿಸುವ ಮೊದಲು ಒಂದು ಬಾಟಲಿಯಷ್ಟು ಎತ್ತಿಟ್ಟುಕೊಳ್ಳಿ. ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ, ಒಂದು ರಾತ್ರಿ ಬಿಟ್ಟು ನಿಮ್ಮ ಎಂಜಿನಿಯರ ಮುಂದಿಡಿ, ಪಶ್ಚಿಮಕ್ಕೆ ಎಷ್ಟು ಕಿಟಕಿ ಇಟ್ಟಿದ್ದೀರಿ ಎಂದೂ ಕೇಳಿ.